ಅತ್ತೆಯ ನಾಲ್ಕನೇ ಜ್ವರ

ನಮ್ಮ ಮನೆಯ ಜ್ಞಾಪಕಶಕ್ತಿ ನಾನೇ ಎಂದು ಪೂರ್ಣ ವಿಶ್ವಾಸದಿಂದ ನಂಬಿದ್ದೆ. ಆಧಾರವೂ ಇತ್ತು: ದಿನಕ್ಕೊಂದು ಹಾಳೆಯ ನನ್ನ ಡೈರಿ. ದೇವರಾಯಸಮುದ್ರದ ಪಕ್ಕದ ನಮ್ಮೂರಲ್ಲಿ ರೇಷ್ಮೆಹುಳ ಸಾಕುವವರು ಬೇಕಾದಷ್ಟು ಜನ. ಆದರೆ ಹುಳ ಎಷ್ಟು ಗಂಟೆಗೆ ಜ್ವರಕ್ಕೆ ಕೂತಿತು, ಎಷ್ಟು ಗಂಟೆಗೆ ಎದ್ದಿತು ಎಂದು ಬರೆದಿಡುವ ಸೊಸೆ ನಾನೊಬ್ಬಳೇ. ಹುಳ ಮೇಯುವುದು ಬಿಟ್ಟು, ಅಲ್ಲಾಡದೆ ಕೂತು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಮೊಟ್ಟೆಯಿಂದ ಗೂಡಿನವರೆಗಿನ ಒಂದು ಬೆಳೆಗೆ ನಾಲ್ಕು ಜ್ವರ.

ಮೊದಲು ಹುಳದ ಮನೆಯಲ್ಲಿ ಅತ್ತೆ ಮುನಿಯಮ್ಮನವರದೇ ಆಡಳಿತ. ಈಚೆಗೆ ಅವರಿಗೆ ಮರೆವು ಬಂತು. ಒಂದೇ ದಿನ "ಹುಳ ಎದ್ವೇನೇ?" ಎಂದು ಹದಿನಾಲ್ಕು ಸಲ ಕೇಳಿದರು. ಹದಿನಾಲ್ಕೂ ಸಲ ಡೈರಿ ನೋಡಿ ಹೇಳಿದೆ. ಸೊಪ್ಪು ಯಾವಾಗ ಹಾಕಬೇಕೆಂದು ಗಂಡ ಮಂಜುನಾಥನೂ ನನ್ನನ್ನೇ ಕೇಳತೊಡಗಿದ. ಅಧಿಕಾರ ಹಸ್ತಾಂತರವಾಗಿತ್ತು!

ಅಷ್ಟರಲ್ಲಿ ಒಂದು ಬೆಳಿಗ್ಗೆ ಅತ್ತೆಯ ಕೈಯಿಂದ ಲೋಟ ಜಾರಿತು, ಮಾತು ತೊದಲಿತು. ಹತ್ತು ನಿಮಿಷದಲ್ಲಿ ಸರಿಹೋದರೂ ಗಾಬರಿಯಿಂದ ಕೋಲಾರಕ್ಕೆ ಕರೆದೊಯ್ದೆವು. ಮೆದುಳಿಗೆ ರಕ್ತ ಒಯ್ಯುವ ಕತ್ತಿನ ನಾಳ ಕಿರಿದಾಗಿದೆ, ಸ್ಟೆಂಟ್ ಎಂಬ ಪುಟ್ಟ ಜಾಲರಿ ಇಟ್ಟು ಅಗಲಿಸಬೇಕು ಎಂದರು ದೊಡ್ಡ ಡಾಕ್ಟರು.

"ಇದು ಪಾರ್ಶ್ವವಾಯು ತಪ್ಪಿಸೋದಕ್ಕಮ್ಮ. ನೆನಪೂ ಕೆಲವರಿಗೆ ಸುಧಾರಿಸುತ್ತೆ, ಎಲ್ಲರಿಗೂ ಅಂತ ಹೇಳಕ್ಕಾಗಲ್ಲ."

ಪಾರ್ಶ್ವವಾಯು ಖಂಡಿತ ತಪ್ಪಲಿ ಎಂದು ದೇವರಿಗೆ ಕೈಮುಗಿದೆ. ನೆನಪಿನ ವಿಷಯದಲ್ಲಿ ಮಾತ್ರ ಅವಸರ ಬೇಡ ಎಂದು ಸೇರಿಸಿದೆ.

ಅಂದೇ ಅತ್ತೆಗೆ ಐದು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದರು: ಮಡಕೆ, ಗಿಳಿ, ಚಾಪೆ, ನಿಂಬೆ, ರೈಲು. ಅತ್ತೆ ಹೇಳಿದ್ದು ನಿಂಬೆ ಒಂದೇ. ಡೈರಿಯಲ್ಲಿ 1/5 ಎಂದು ಬರೆದೆ. ಸ್ವಲ್ಪ ದಪ್ಪಗೇ ಬರೆದೆ.

ಗುರುವಾರ ಬಂತು, ಅವತ್ತೇ ಸ್ಟೆಂಟ್ ಇಡಬೇಕು. ಹುಳ ನೋಡಿಕೊಳ್ಳಲು ಕಂಪನಿಗೆ ರಜೆ ಹಾಕಿ ಊರಲ್ಲೇ ಉಳಿದಿದ್ದ ಗಂಡನೊಂದಿಗೆ ಫೋನಿನಲ್ಲಿ ಮಾತಾಡಿ, ಡೈರಿಯ ಹುಳದ ಪುಟ ತೆರೆದುಕೊಂಡೇ ಕೂತಿದ್ದೆ. ಚಿಕ್ಕ ಡಾಕ್ಟರು ಬಂದರು.

"ಮನೇಲಿ ಜ್ವರ ಇತ್ತೇನಮ್ಮಾ?"

ಎಂಥ ಆಸಕ್ತಿ! ಇವರೂ ಹುಳದ ಮನೆಯವರೇ ಇರಬೇಕು ಎಂದುಕೊಂಡೆ.

"ಮೂರಾಯ್ತು ಸಾರ್. ಮೂರನೇದು ಇವತ್ತು ಬೆಳಿಗ್ಗೆ ಆರೂ ಹತ್ತಕ್ಕೆ ಎದ್ದಿದೆ. ನಾಲ್ಕನೇದು ಸೋಮವಾರ."

ಡಾಕ್ಟರ ಪೆನ್ನು ನಿಂತಿತು. "ಸೋಮವಾರ ಬರೋದು ಈಗ್ಲೇ ಹೆಂಗೆ ಗೊತ್ತು?"

"ಪ್ರತಿ ಸಲಾನೂ ಲೆಕ್ಕ ಹಂಗೇ ಸಾರ್."

"ಜ್ವರದಲ್ಲಿ ಊಟ?"

"ಏನೂ ಕೊಡಲ್ಲ ಸಾರ್. ಮುಟ್ಟೋದೂ ಇಲ್ಲ. ಚರ್ಮ ಪೂರ್ತಿ ಕಳಚಿ ಬೀಳೋವರ್ಗೂ ಕಾಯ್ತೀವಿ."

ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಮಂಚದ ಮೇಲಿಂದ ಅತ್ತೆ ತಲೆದೂಗಿದರು: "ಅವುನು ಸ್ವಾಮಿ, ನಾಲ್ಕಾಗ್ಲೇಬೇಕು. ಆಮೇಲೇ ಗೂಡು ಕಟ್ಟೋದು."

ಡಾಕ್ಟರು ಕಾಗದದಲ್ಲಿ ಇನ್ನೊಂದು ಸಾಲು ಬರೆದರು.

ಸ್ಟೆಂಟ್ ಮುಂದಕ್ಕೆ ಹೋಯಿತು! ಅತ್ತೆಗೆ ಪ್ರತ್ಯೇಕ ಕೋಣೆ. ರಕ್ತ ತೆಗೆದದ್ದು ಮೂರು ಸಲ, ಜ್ವರ ನೋಡಿದ್ದು ಹನ್ನೊಂದು ಸಲ, ಜ್ವರ ಸಿಕ್ಕಿದ್ದು ಸೊನ್ನೆ. ಶನಿವಾರ ಬೆಳಿಗ್ಗೆ ಶ್ರೀನಿವಾಸಪುರದ ಕಡೆಯ ನರ್ಸಮ್ಮ ಆ ಕಾಗದ ಓದಿ, ಗೋಡೆ ಹಿಡಿದುಕೊಂಡು ನಕ್ಕರು.

"ಅಯ್ಯೋ ಸಾರ್, ಇದು ಈಯಮ್ಮನ್ ಜ್ವರ ಅಲ್ಲ. ರೇಷ್ಮೆಹುಳದ್ದು!"

ಇಡೀ ವಾರ್ಡು ನಕ್ಕಿತು. ಆ ಎರಡು ದಿನದಲ್ಲಿ ಅತ್ತೆಗೆ ಏನೂ ಆಗದಿದ್ದುದು ನನ್ನ ಪುಣ್ಯ. ಮಧ್ಯಾಹ್ನ ಸ್ಟೆಂಟ್ ಇಟ್ಟರು. ನಾನು ಗುರುವಾರದ ಹಾಳೆ ಹರಿದು ಕಸದ ಬುಟ್ಟಿಗೆ ಹಾಕಿದೆ. ಬರೆದಿಡದ್ದು ನಡೆದೇ ಇಲ್ಲ ಎಂಬುದು ನನ್ನ ಸಿದ್ಧಾಂತ.

ತಿಂಗಳು ಬಿಟ್ಟು ಮತ್ತೆ ಪರೀಕ್ಷೆ. ಅದೇ ಐದು ಪದ. ಅತ್ತೆ ಐದನ್ನೂ ಹೇಳಿದರು! ದೊಡ್ಡ ಡಾಕ್ಟರು ತಮಾಷೆಗೆ ನನ್ನತ್ತ ತಿರುಗಿದರು. "ನೀವು ಹೇಳಿ ನೋಡೋಣ."

"ಮಡಕೆ, ಗಿಳಿ... ಇವತ್ತು ಬರ್ಕೊಂಡಿಲ್ಲ ಸಾರ್."

2/5.

ಮುಂದಿನ ಬೆಳೆಯಲ್ಲಿ ಮೂರನೇ ಜ್ವರ ಎದ್ದಿದೆ ಎಂದಿತು ಡೈರಿ. ಅತ್ತೆ ಬಗ್ಗಿ ನೋಡಿ, "ಅರ್ಧ ಹುಳ ಇನ್ನೂ ಎದ್ದಿಲ್ಲ ಕಣೇ, ಸೊಪ್ಪು ಹಾಕ್ಬೇಡ" ಎಂದರು. ಅವರೇ ಸರಿ! ಮರುದಿನ ನರಸಾಪುರದ ಕಂಪನಿ ಬಸ್ಸಿಳಿದು ಬಂದ ಗಂಡ, ನನ್ನನ್ನು ದಾಟಿಕೊಂಡು ಹೋಗಿ ಕೇಳಿದ: "ಅಮ್ಮಾ, ಸೊಪ್ಪು ಹಾಕ್ಲಾ?"

ನನ್ನ ಪೆನ್ನಿನ ಸ್ಪ್ರಿಂಗಿನಂಥ ಒಂದು ಜಾಲರಿಯ ಮೇಲೆ ಹೊಟ್ಟೆಕಿಚ್ಚುಪಟ್ಟ ಸೊಸೆ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಸಂಜೆ ಪಕ್ಕದ ಮನೆಯ ರತ್ನಮ್ಮ ಬಂದು, ಆಸ್ಪತ್ರೆಯಲ್ಲಿ ಎರಡು ದಿನ ಹೆಚ್ಚಿಗೆ ಯಾಕಾಯಿತು ಎಂದು ವಿಚಾರಿಸಿದರು.

"ಮಿಷನ್ ಕೆಟ್ಟಿತ್ತು ಅಕ್ಕ" ಎಂದೆ.

"ಸುಳ್ಳು ಕಣಮ್ಮೋ!" ಅತ್ತೆ ಎದ್ದು ಕೂತರು. "ಗುರುವಾರ, ಬೆಳಿಗ್ಗೆ ಹನ್ನೊಂದೂಕಾಲು. ನೀಲಿ ಅಂಗಿ ಡಾಕ್ಟ್ರು ಬಂದು ಜ್ವರ ಇತ್ತಾ ಅಂದ್ರು. ಇವಳು..." ಒಂದು ಪದವನ್ನೂ ಬಿಡದೆ ಎಲ್ಲ ಹೇಳಿದರು. ರತ್ನಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಡೈರಿಯ ಮರ್ಯಾದೆಯನ್ನಾದರೂ ಉಳಿಸಬೇಕಿತ್ತು. "ಹನ್ನೊಂದೂಕಾಲಲ್ಲ ಅತ್ತೆ, ಹನ್ನೊಂದೂವರೆ!"

"ಎಲ್ಲಿ, ಹಾಳೆ ತೋರ್ಸು" ಎಂದ ಗಂಡ.

ಡೈರಿ ತೆರೆದೆ. ಬುಧವಾರ ಮುಗಿದ ಕೂಡಲೇ ಶುಕ್ರವಾರ ಶುರುವಾಗಿತ್ತು.

"ಬರ್ಕೋ" ಎಂದರು ಅತ್ತೆ. "ಹನ್ನೊಂದೂಕಾಲು."

ಬರೆದುಕೊಂಡೆ.