ಕಾವಿನ ಪೆಟ್ಟಿಗೆಯ ಪುಟ್ಟ ದೀಪ

“ಒಂದು ಎಲ್‌ಇಡಿ ಹಾಕೋಕೆ ಬೇರೆಯವರನ್ನ ಕರೀಬೇಕೇನೇ? ಸತ್ತ ಟೀವಿಗಳೆಲ್ಲ ನನ್ನ ಕೈಯಲ್ಲಿ ಮರುಜನ್ಮ ಪಡೆದಿವೆ!” ಎಂದು ರಿಪೇರಿ ಅಂಗಡಿಯ ಯಜಮಾನ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡ.

ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಮರಿಗಳು ಇವತ್ತೋ ನಾಳೆಯೋ ಹೊರಬರಬೇಕು. ಅಷ್ಟರಲ್ಲಿ ಹೀಟರ್ ನಡೆಯುತ್ತಿದೆಯೆಂದು ತೋರಿಸುವ ಹಸಿರು ದೀಪ ಕೆಟ್ಟು ಕೂತಿತ್ತು.

“ಬೇಗ ಮುಗಿಸ್ರೀ. ಮೊಟ್ಟೆ ತಣ್ಣಗಾದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ!”

ಅವನು ಪ್ಲಗ್ ಕಿತ್ತು ತನ್ನ ಡಬ್ಬಿ ತೆರೆದ. ಗ್ರಹಚಾರ ಅಲ್ಲೇ ಕಾದಿತ್ತು! ಬಣ್ಣದ ಟೋಪಿಯ ಎಲ್‌ಇಡಿಗಳು ಮುಗಿದು, ಉಳಿದವೆಲ್ಲ ನೀರಿನಂತೆ ತಿಳಿಯಾದ ಟೋಪಿಯವು. ಕೆಂಪೋ ಹಸಿರೋ, ಹಚ್ಚಿದ ಮೇಲೇ ತಿಳಿಯಬೇಕು. ಪ್ಯಾಕೆಟ್ಟಿನ ಮೇಲೇನೋ ಬರೆದಿರುತ್ತದೆ. ಆದರೆ ಜಾಗ ಉಳಿಸುವ ಮಹಾಯೋಜನೆಯಲ್ಲಿ ಈ ಮಹಾಶಯ ಪ್ಯಾಕೆಟ್ಟುಗಳನ್ನೆಲ್ಲ ಹರಿದು ಒಂದೇ ಡಬ್ಬಿಗೆ ಸುರಿದಿದ್ದ. ಕೈಗೆ ಸಿಕ್ಕಿದ್ದನ್ನು ಬೆಸೆದು, ಪ್ಲಗ್ ಮತ್ತೆ ಚುಚ್ಚಿ ಸ್ವಿಚ್ ಹಾಕಿದ.

ಉರಿಯಲಿಲ್ಲ! ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಎಲ್ಲ ತಂತಮ್ಮ ಜಾಗದಲ್ಲಿ ಸರಿಯಾಗೇ ಇದ್ದವು. ಅವನ ಹಣೆಯಲ್ಲಿ ಬೆವರೊಡೆಯಿತು.

“ಹೀಟರಿಗೇ ಕರೆಂಟ್ ಹೋಗ್ತಿಲ್ಲ ಅನ್ಸತ್ತೆ ಕಣೇ…”

“ಅಯ್ಯೋ, ನನ್ನ ಮರಿಗಳು!”

ತಣ್ಣಗಾಗಿದ್ದ ಪೆಟ್ಟಿಗೆಯಿಂದ ಮೊಟ್ಟೆಗಳನ್ನೆಲ್ಲ ಎತ್ತಿ, ಅರ್ಧ ತನ್ನ ಮಡಿಲ ಕಂಬಳಿಗೆ, ಅರ್ಧ ಗಂಡನ ಅಂಗಿಯೊಳಕ್ಕೆ ತುಂಬಿದಳು. ಮುಚ್ಚಳ ಮುಚ್ಚಿದಳು. ಸ್ವಿಚ್ ಆರಿಸುವುದು ಇಬ್ಬರಿಗೂ ಹೊಳೆಯಲಿಲ್ಲ.

“ಅಲ್ಲಾಡಿದ್ರೆ ನೋಡಿ!”

“ಉಸಿರಾಡ್ಲಾ?”

“ಮೆಲ್ಲಗೆ.”

ಒಂದು ಮೊಟ್ಟೆಯೊಳಗಿಂದ ಸಣ್ಣ ದನಿ ಬಂತು. ಅವಳ ಕಣ್ಣು ತುಂಬಿತು. ಅವನು ಅಂಗಿಯೊಳಗಿನ ಮೊಟ್ಟೆಗಳಿಗೆ ಎರಡೂ ಕೈ ಆನಿಸಿಕೊಂಡ. ಒಂದು ಜೀವ ಹೋದರೂ ಇವಳ ಮುಖ ನೋಡುವುದು ಹೇಗೆ?

“ನಿಮ್ಮ ಘನಕಾರ್ಯ ನಮ್ಮಕ್ಕನೂ ನೋಡ್ಲಿ!” ಎಂದು ಅವಳು ಫೋನಿನ ಕ್ಯಾಮೆರಾವನ್ನು ಪೆಟ್ಟಿಗೆಗೆ ಹಿಡಿದಳು. ಹಿಡಿದವಳು ಹಾಗೇ ನಿಂತಳು. “ರೀ, ಫೋನಲ್ಲಿ ದೀಪ ಉರೀತಿದೆ!”

ಬರಿಗಣ್ಣಿಗೆ ಕತ್ತಲು, ಫೋನಿನಲ್ಲಿ ನೇರಳೆ ಬೆಳಕು! ಅವನು ತಲೆ ಚಚ್ಚಿಕೊಳ್ಳಲು ಕೈಯೆತ್ತಿ, ಮೊಟ್ಟೆಗಳ ನೆನಪಾಗಿ ಇಳಿಸಿದ.

“ಅದು ಟೀವಿ ರಿಮೋಟಿಗೆ ಹಾಕೋದು ಕಣೇ. ಅದರ ಬೆಳಕು ನಮ್ಮ ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಕಾಣತ್ತೆ.”

ಅವಳು ಪೆಟ್ಟಿಗೆಯೊಳಗೆ ಕೈಯಿಟ್ಟಳು. ಬೆಚ್ಚಗಿತ್ತು! ಹೀಟರಿಗೆ ಏನೂ ಆಗಿರಲಿಲ್ಲ. ಮೊಟ್ಟೆಗಳು ಒಂದೊಂದಾಗಿ ಮರಳಿ ಒಳಗೆ ಹೋದವು. ಕೊನೆಯದಕ್ಕೆ ಅವಳು ಅಂಗಿಯೊಳಗೆ ಕೈಹಾಕುವಷ್ಟರಲ್ಲಿ ‘ಟಿಕ್’ ಎಂದಿತು. ಒದ್ದೆ ಮರಿಯೊಂದು ಗುಂಡಿಗಳ ನಡುವಿನಿಂದ ತಲೆ ಹಾಕಿ, ಯಜಮಾನನ ಮುಖ ನೋಡಿ ಚಿಂವ್ ಎಂದಿತು.

ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳು. “ದೀಪ ಹಾಕೋಕೆ ಬರದಿದ್ರೂ ಕಾವು ಕೊಡೋಕೆ ಚೆನ್ನಾಗಿ ಬರತ್ತೆ ನಿಮಗೆ. ಮುಂದಿನ ಸಲ ಪೆಟ್ಟಿಗೆ ಬೇಡ, ನೀವೇ ಕೂತ್ಕೊಳ್ಳಿ!”