ನನ್ನ ಕುರ್ಚಿಯ ಪೀಠಾರೋಹಣ

ನಮ್ಮ ಮನೆಯಲ್ಲಿ ಎಲ್ಲರಿಗೂ ಕೂರಲು ಒಂದು ಜಾಗವಿದೆ, ನನ್ನೊಬ್ಬಳನ್ನು ಬಿಟ್ಟು. ಅತ್ತೆ ರುದ್ರಮ್ಮನವರಿಗೆ ಹಾಲ್‌ನಲ್ಲಿರುವ ಮಂಚ. ನನ್ನ ಯಜಮಾನರಾದ ಶಿವಪ್ರಕಾಶರಿಗೆ ಜಗಲಿಯ ಬೆತ್ತದ ಕುರ್ಚಿ. ಬೆಕ್ಕಿಗೆ ಕಾಫಿ ಮೂಟೆಯ ನೆತ್ತಿ. ನಾನು ಯಾವುದು ಖಾಲಿಯಿದೆಯೋ ಅದರ ಮೇಲೆ ಕೂರುವವಳು, ಅದರ ಒಡೆಯರು ಬಂದ ಕೂಡಲೇ ಏಳುವವಳು. ಹೀಗೆ ಎದ್ದು ಕೂತು, ಎದ್ದು ಕೂತು, ಶನಿವಾರಸಂತೆಯ ಪಕ್ಕದ ಈ ಊರಿನಿಂದಲೇ ಮೈಸೂರಿನ ಒಂದು ಕಂಪನಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುತ್ತೇನೆ (ಕರೆಂಟ್ ಇದ್ದರೆ, ನೆಟ್ ಇದ್ದರೆ, ಮನೆಯಲ್ಲಿ ನೆಂಟರಿಲ್ಲದಿದ್ದರೆ).

ಊಟದ ಮೇಜು ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ನಮ್ಮತ್ತೆಗೆ ಚಪ್ಪಟೆಯಾದದ್ದು ಏನು ಕಂಡರೂ ಅದರ ಮೇಲೆ ಕರಿಮೆಣಸು ಹರಡಬೇಕು ಅನ್ನಿಸುತ್ತದೆ. ಒಮ್ಮೆ ನಾನು ಕಾಫಿ ಸೋಸಲು ಎದ್ದು ಹೋಗಿ ಬರುವಷ್ಟರಲ್ಲಿ ಲ್ಯಾಪ್‌ಟಾಪು ಫ್ರಿಜ್ಜಿನ ತಲೆಯ ಮೇಲೆ ಕೂತಿತ್ತು, ಮೇಜಿನ ತುಂಬ ಮೆಣಸು. ಕೀಲಿಗಳ ಸಂದಿಗೆ ಸೇರಿಕೊಂಡ ಎರಡು ಕಾಳು ಇವತ್ತಿಗೂ ಹೊರಗೆ ಬಂದಿಲ್ಲ.

ಕೊನೆಗೆ ನನ್ನ ಸೊಂಟ ಮುಷ್ಕರ ಹೂಡಿತು. ಸೋಮವಾರಪೇಟೆಯ ಡಾಕ್ಟರು ಸೊಂಟ ಮುಟ್ಟುವ ಮೊದಲೇ, ದಿನವಿಡೀ ಯಾವುದರ ಮೇಲೆ ಕೂರುತ್ತೀರಿ ಎಂದು ಕೇಳಿದರು. ಯಾವುದು ಖಾಲಿಯಿದ್ದರೆ ಅದರ ಮೇಲೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ಮಾತ್ರೆ ಆಮೇಲೆ, ಮೊದಲು ಒಂದು ಮೇಜು, ಒಂದು ಸರಿಯಾದ ಕುರ್ಚಿ ಮಾಡಿಕೊಳ್ಳಿ. ಇಲ್ಲದಿದ್ದರೆ ಈ ಕೆಲಸವನ್ನೇ ಬಿಡಬೇಕಾಗುತ್ತದೆ ಎಂದರು. ನನಗೆ ನಿಜವಾಗಿ ಭಯವಾಯಿತು. ಈ ಮನೆಯಲ್ಲಿ ಸೊಸೆ, ಹೆಂಡತಿ ಎಂಬುದರಾಚೆ ನಾನು ಇನ್ನೇನೋ ಆಗಿರುವುದು ಆ ಕೆಲಸದಿಂದ ಮಾತ್ರ. ಅದು ಹೋದರೆ ದಿವ್ಯಶ್ರೀ ಎಂದು ನನ್ನ ಹೆಸರು ಹಿಡಿದು ಕರೆಯುವವರೂ ಇರುವುದಿಲ್ಲ.

ಹೀಗೆ ಗೃಹ ಕಚೇರಿ ಸ್ಥಾಪನೆಯ ಮಹಾಯೋಜನೆ ಆರಂಭವಾಯಿತು. ಜಾಗ, ಮೂಟೆ ಇಡುವ ಕೋಣೆ. ಮೇಜಿನ ಹೊಣೆ ಯಜಮಾನರು ಹೊತ್ತರು. ಮೇಜಿಗೆ ಯಾಕೆ ದುಡ್ಡು ಸುರಿಯಬೇಕು ಎಂದು ಎರಡು ಕಡೆ ಕಾಫಿ ಮೂಟೆ ಒಟ್ಟಿ, ಮೇಲೆ ಹಳೆಯ ಬಾಗಿಲೊಂದನ್ನು ಮಲಗಿಸಿದರು. ಚೆನ್ನಾಗಿಯೇ ಇತ್ತು, ಕಾಫಿ ರೇಟು ಏರುವವರೆಗೆ. ರೇಟು ಏರಿದ ದಿನ ಎಡಗಡೆಯ ಮೂಟೆಯೊಂದು ಜೀಪು ಹತ್ತಿತು, ನನ್ನ ಮೇಜು ಎಡಕ್ಕೆ ವಾಲಿತು. ನಾನು ಮುಖ ಊದಿಸಿಕೊಂಡೆ. ಅವರು ಸಮಾಧಾನ ಮಾಡಲೆಂದು ಬಲಗಡೆಯಿಂದಲೂ ಒಂದನ್ನು ಮಾರಿ ಮಟ್ಟ ಮಾಡಿದರು. ಕಾಫಿ ಮಾರುಕಟ್ಟೆ ಏರಿದಂತೆ ಮೇಜು ಇಳಿಯುವ ಪ್ರೋಗ್ರಾಮರ್ ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

ಕುರ್ಚಿಯ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲಿಲ್ಲ. ನನ್ನದೇ ಸಂಬಳದಲ್ಲಿ ತರಿಸಿದೆ. ಶನಿವಾರಸಂತೆಯಿಂದ ಜೀಪಿನಲ್ಲಿ ಗೊಬ್ಬರದ ಚೀಲಗಳ ಮೇಲೆ ಸವಾರಿ ಮಾಡಿಕೊಂಡು ಬಂತು. ಚಕ್ರ, ತಲೆಗೆ ದಿಂಬು, ಸೊಂಟಕ್ಕೆ ಆನಿಕೆ, ಮೇಲೆ ಕೆಳಗೆ ಮಾಡಲು ಒಂದು ಹಿಡಿ, ಹಿಂದಕ್ಕೆ ಒರಗಲು ಇನ್ನೊಂದು. ಅತ್ತೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಹಲ್ ಕೀಳೋ ಡಾಕ್ಟ್ರ ತಾವ ಇರಾ ಕುರ್ಚಿ ಅಲ್ವೇನವ್ವ ಇದು" ಎಂದರು. ಅನ್ನಲಿ. ನಾನು ಕೂತೆ. ಸೊಂಟ ಉಸಿರು ಬಿಟ್ಟಿತು. ನಮ್ಮ ಟೀಮಿನ ಮುಖ್ಯಸ್ಥ ಚೈತನ್ಯ ನನ್ನ ಮುಖವಷ್ಟೇ ಕಾಣುವ ವಿಡಿಯೋದಲ್ಲಿ ನೋಡಿ, ಈಗ ಮುಖದಲ್ಲಿ ಕಳೆ ಬಂತು ನೋಡಿ ಮೇಡಂ ಎಂದರು. ಆ ಸುಖ ಒಂದು ವಾರವೂ ಬಾಳಲಿಲ್ಲ.

ನಮ್ಮ ಮಠದ ಸ್ವಾಮೀಜಿ, ಅಂದರೆ ನಾವೆಲ್ಲ 'ಬುದ್ಧಿ' ಎಂದು ಕರೆಯುವವರು, ಊರಿನ ಮನೆಗಳಿಗೆ ಪಾದಪೂಜೆಗೆ ಬರುತ್ತಾರೆಂಬ ಸುದ್ದಿ ಬಂತು. ನಮ್ಮ ಮನೆಯ ಸರದಿ ಸೋಮವಾರ. ಅವರನ್ನು ಕೂರಿಸುವುದು ಎಲ್ಲಿ? ಹಳೆಯ ಮರದ ಕುರ್ಚಿಯ ಕಾಲನ್ನು ಗೆದ್ದಲು ತಿಂದಿತ್ತು. ಶಾಮಿಯಾನದವರ, ಕೈಗಳಲ್ಲಿ ಸಿಂಹದ ಮುಖವಿರುವ ಕೆಂಪು ಕುರ್ಚಿ ಯಾರದೋ ಮದುವೆಗೆ ಕೊಡ್ಲಿಪೇಟೆಗೆ ಹೋಗಿತ್ತು. ಪಕ್ಕದ ಮನೆಯ ಸಿದ್ದಮ್ಮನವರು ಬುದ್ಧಿಯವರನ್ನು ಮಕಮಲ್ಲಿನ ಸೋಫಾದಲ್ಲಿ ಕೂರಿಸಿದ ಫೋಟೋ ಆಗಲೇ ಊರಿನ ವಾಟ್ಸಾಪ್ ಗುಂಪಿನಲ್ಲಿ ಮೆರೆಯುತ್ತಿತ್ತು. ಅತ್ತೆಗೆ ಅನ್ನ ಸೇರಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ನನ್ನ ಕುರ್ಚಿಯನ್ನು ಯಾರೂ ಕೇಳಲಿಲ್ಲ. ನಾನೇ ಕೊಟ್ಟೆ. ಆ ಮಕಮಲ್ಲಿನ ಸೋಫಾ ನನ್ನ ಕಣ್ಣನ್ನೂ ಕುಕ್ಕಿತ್ತು. ನನ್ನ ಕುರ್ಚಿಯ ವೈಭವವನ್ನು ಊರು ಒಮ್ಮೆ ನೋಡಲಿ ಎಂಬ ಚಪಲ. ಅತ್ತೆ ನನ್ನ ಕೈ ಹಿಡಿದುಕೊಂಡು, ಈ ಮನೆ ಮರ್ವಾದೆ ಉಳಿಸ್ದೆ ಕಣವ್ವ ಎಂದಾಗ ನಾನು ಕರಗಿ ನೀರಾದೆ.

ಸೋಮವಾರ ಕುರ್ಚಿ ಹಾಲಿಗೆ ಬಂತು. ಮೇಲೆ ಮಡಿ ಶಾಲು. ಬುದ್ಧಿಯವರು ಕೂತರು, ಹಿತ್ತಾಳೆ ತಟ್ಟೆಯಲ್ಲಿ ಪಾದ ಇಟ್ಟರು. ಅತ್ತೆ ನೀರೆರೆದು ಭಕ್ತಿಯಿಂದ ಹಣೆ ಚಾಚಿದರು. ನಮ್ಮದು ರೆಡ್ ಆಕ್ಸೈಡ್ ನೆಲ, ಪೂಜೆಗೆಂದು ನಾನೇ ಎಣ್ಣೆ ಹಾಕಿ ಉಜ್ಜಿದ್ದೆ. ಹಣೆ ತಾಗಿತು, ಕುರ್ಚಿ ಮೆಲ್ಲಗೆ ಹಿಂದೆ ಸರಿಯಿತು. ಅತ್ತೆ ತಟ್ಟೆ ತಳ್ಳಿಕೊಂಡು ಮುಂದೆ ಸರಿದರು. ಹೂವೇರಿಸಿದರು, ಕುರ್ಚಿ ಮತ್ತೆ ಹಿಂದೆ. ಕಿಟಕಿಯ ಬಳಿ ಆರಂಭವಾದ ಪಾದಪೂಜೆ ಅಡುಗೆಮನೆಯ ಹೊಸ್ತಿಲ ತನಕ ಬಂತು. ಕೊನೆಗೆ ಮಂಗಳಾರತಿ ಮುಗಿಯುವವರೆಗೆ ನಾನು ಹಿಂದಿನಿಂದ ಕುರ್ಚಿಯನ್ನು ಅವುಚಿಕೊಂಡು ನಿಂತೆ. ಫೋಟೋದಲ್ಲಿ ನನ್ನ ಎರಡು ಕೈ ಮಾತ್ರ ಬಂದಿವೆ.

ಬುದ್ಧಿಯವರು ಒಳ್ಳೆಯವರು, ನಗು ತಡೆದುಕೊಂಡರು. ಕುರ್ಚಿ ಯಾರದು, ಯಾಕೆಂದು ಕೇಳಿ ತಿಳಿದುಕೊಂಡು, ಏಳುವಾಗ ನನ್ನತ್ತ ತಿರುಗಿ, "ಕೂತು ಮಾಡುವ ಕಾಯಕವೂ ಹಗುರವಲ್ಲ ತಾಯಿ" ಎಂದರು. ಇಷ್ಟು ವರ್ಷದಲ್ಲಿ ನನ್ನ ಕೆಲಸವನ್ನು ಈ ಮನೆಯೊಳಗೆ ಯಾರಾದರೂ ಕಾಯಕ ಎಂದದ್ದು ಅದೇ ಮೊದಲು. ನನ್ನ ಕಣ್ಣು ತುಂಬಿತು.

ಮರುದಿನ ಲ್ಯಾಪ್‌ಟಾಪು ಹಿಡಿದು ಬಂದರೆ ಕುರ್ಚಿ ಹಾಲಿನ ಪೂರ್ವದ ಮೂಲೆಯಲ್ಲಿತ್ತು. ಮೇಲೆ ಕಾವಿ ಬಟ್ಟೆ, ತಲೆದಿಂಬಿಗೆ ವಿಭೂತಿ, ಸೀಟಿನ ಮೇಲೆ ದಾಸವಾಳ. ಮುಂದೆ ಊದುಬತ್ತಿ ಹಚ್ಚುತ್ತಿದ್ದವರು ನನ್ನ ಯಜಮಾನರೇ.

"ಗುರುಗಳು ಕುಂತಿದ್ ಪೀಠ ಕಣವ್ವ," ಎಂದರು ಅತ್ತೆ. "ಅದ್ರ ಮ್ಯಾಲೆ ಮನೆ ಹೆಣ್ಮಗ್ಳು ಕುತ್ಕಂಡು ಟೈಪ್ ಮಾಡಾದಾ?"

ನಾನು ವಾದಿಸಿದೆ, ಬೇಡಿದೆ, ಡಾಕ್ಟರ ಹೆಸರು ಹೇಳಿದೆ. ಡಾಕ್ಟರು ದೊಡ್ಡವರೋ ಗುರು ದೊಡ್ಡವರೋ ಎಂದು ಯಜಮಾನರು ಕೇಳಿದರು. ಬೆಳಿಗ್ಗೆ ಸಂಜೆ ಕುರ್ಚಿಗೆ ಆರತಿ, ನನಗೆ ಮೂಟೆ. ಸೊಂಟ ಹಳೆಯ ರಾಗ ತೆಗೆಯಿತು. ಒಂದು ದಿನ ಅರ್ಧ ಮೀಟಿಂಗಿನಲ್ಲಿ ಕೂರಲಾಗದೆ ಎದ್ದುಬಿಟ್ಟಾಗ ಚೈತನ್ಯ, ಆಗದಿದ್ದರೆ ಕೆಲವು ತಿಂಗಳು ಬಿಡುವು ತಗೊಳ್ಳಿ ಎಂದರು. ಆ ಬಿಡುವು ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನನಗೆ ಗೊತ್ತು.

ಆಗ ನನಗೆ ಮಿಂಚಿನಂಥ ಉಪಾಯ ಹೊಳೆಯಿತು. ಗುರುಗಳ ಬಾಯಿಂದಲೇ ಹೇಳಿಸಿದರೆ? ಮಠಕ್ಕೆ ಫೋನು ಮಾಡಿದೆ. ಅತ್ತೆಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡೆ, ಸ್ಪೀಕರ್ ಹಾಕಿದೆ, ನಾಳೆ ಕೇಳಲಿಲ್ಲ ಅನ್ನಬಾರದಲ್ಲ. ಬುದ್ಧಿಯವರೇ ಮಾತಿಗೆ ಸಿಕ್ಕರು. ನನಗೆ ಕೂರಬೇಕು ಎಂದು ನೇರವಾಗಿ ಕೇಳಲು ನಾಲಿಗೆ ಬರಲಿಲ್ಲ. "ಬುದ್ಧಿ, ಆ ಕುರ್ಚಿ ಮೇಲೆ ಸೊಂಟ ನೋವಿರೋರು ಕೂರಬಹುದಾ?" ಎಂದೆ.

"ಧಾರಾಳವಾಗಿ ಕೂರಲಿ ತಾಯಿ. ಕುರ್ಚಿ ಇರುವುದೇ ಅದಕ್ಕೆ. ಪೂಜೆ ಸಾಕು, ಬಟ್ಟೆ ತೆಗೆಯಿರಿ."

ನಾನು ಗೆದ್ದೆನೆಂದು ಅತ್ತೆಯ ಕಡೆ ನೋಡಿದೆ. ಅವರು ಫೋನಿಗೆ ಕೈಮುಗಿದು, "ಆಗ್ಲಿ ಬುದ್ಧಿ" ಎಂದು, ಕಾವಿ ಬಟ್ಟೆ ತೆಗೆದು ಮಡಚಿ, ದಾಸವಾಳ ಕಣ್ಣಿಗೊತ್ತಿಕೊಂಡು, ಕುರ್ಚಿಯಲ್ಲಿ ಕೂತುಬಿಟ್ಟರು. ಅವರ ಬಾಯಿಂದ ಹೊರಟ ಉಸಿರು ನನಗೆ ಪರಿಚಯದ್ದೇ. ಮೊದಲ ದಿನ ನನ್ನ ಬಾಯಿಂದಲೂ ಅದೇ ಹೊರಟಿತ್ತು.

"ವಯಸ್ನಲ್ಲಿ ಕಾಫಿ ಕುಯ್ದು ಕುಯ್ದು ಬಂದಿದ್ ನೋವು ಕಣವ್ವ," ಎಂದರು ಕಣ್ಣು ಮುಚ್ಚಿಕೊಂಡು. "ಯಾರ್ ತಾವ ಹೇಳಾದು ಅಂತ ಸುಮ್ಕಿದ್ದೆ. ಆ ಹಿಡಿ ಒಸಿ ಎಳೆದ್ಬಿಡು, ಹಿಂದಕ್ಕೆ ಒರಗ್ಬೇಕು."

ಇಷ್ಟು ವರ್ಷ ಒಂದೇ ಮನೆಯಲ್ಲಿ ಎರಡು ಸೊಂಟಗಳು ಒಂದಕ್ಕೊಂದು ಹೇಳಿಕೊಳ್ಳದೆ ನೊಂದಿದ್ದವು. ನಾನು ಹಿಡಿ ಎಳೆದೆ.

ಈಗ ಅತ್ತೆ ಕುರ್ಚಿಯಿಂದ ಏಳುವುದೇ ಅಪರೂಪ. ಹಾಲಿನಿಂದ ಅಡುಗೆಮನೆಗೆ, ಅಲ್ಲಿಂದ ನನ್ನ ಕೋಣೆಗೆ ಉರುಳಿಕೊಂಡೇ ಬರುತ್ತಾರೆ. ಅಲ್ಲಿನ ಹಳೆಯ ಬಾಗಿಲಿನ ಮೇಜು ಅವರ ಎತ್ತರಕ್ಕೆ ಹದವಾಗಿದೆಯಂತೆ, ಮೆಣಸು ಹರಡಲು. ಹಾಲಿನ ಮಂಚ ಖಾಲಿಯಾಗಿರುವುದರಿಂದ ನಾನು ಅದರ ಮೇಲೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಕಾಯಕ ಮಾಡುತ್ತೇನೆ.

ಮೊನ್ನೆ ಮೀಟಿಂಗಿನ ನಡುವೆ ಅತ್ತೆ ಮೊರ ಹಿಡಿದುಕೊಂಡು ನನ್ನ ಬೆನ್ನ ಹಿಂದೆ ಸೊಯ್ಯನೆ ಹಾದುಹೋದರು. ಚೈತನ್ಯ ಮಾತು ನಿಲ್ಲಿಸಿ ನೋಡಿದರು.

"ಮೇಡಂ, ನಿಮ್ಮ ಅತ್ತೆಯವರ ಕುರ್ಚಿ ತುಂಬಾ ಚೆನ್ನಾಗಿದೆ," ಎಂದರು. "ನೀವೂ ಅಂಥದ್ದೊಂದು ಯಾಕೆ ತಗೋಬಾರದು?"