ಪೀಕೋ ಮಷೀನಿಗಾಗಿ ಮತ್ತೆ ಬದುಕಿದ್ದು

‘ಬೇರೆ ಎಲ್ಲಿಯಾದರೂ ಬಾಕಿ ಇದೆಯೇ?’ ಎಂದು ಸಾಲದ ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು. ನಾನು ‘ಇಲ್ಲ’ ಎಂದು ಬರೆದೆ. ಬರೆದದ್ದಷ್ಟೇ ಅಲ್ಲ, ಅದರ ಕೆಳಗೆ ಎರಡು ಗೆರೆ ಎಳೆದೆ. ಅಷ್ಟು ಆತ್ಮವಿಶ್ವಾಸ!

ಹಳಿಯಾಳದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಆಗ ನನ್ನ ಹೊಲಿಗೆ ಅಂಗಡಿ. ರವಿಕೆ, ಪರಕಾರ, ಶಾಲೆ ಮಕ್ಕಳ ಸಮವಸ್ತ್ರ ಎಲ್ಲವನ್ನೂ ಹೊಲಿಯುತ್ತಿದ್ದೆ. ಆದರೆ ಸೀರೆಗೆ ಅಂಚು ಕಟ್ಟುವ ಪೀಕೋ ಮಷೀನು ಇರಲಿಲ್ಲ. ಸೀರೆ ತಂದ ಹೆಂಗಸರು, ಪೀಕೋ ಇಲ್ಲ ಎಂದು ಗೊತ್ತಾದ ಕೂಡಲೇ ಸೀರೆಯ ಜೊತೆಗೆ ರವಿಕೆ ಬಟ್ಟೆಯನ್ನೂ ಎತ್ತಿಕೊಂಡು ಪೇಟೆಯ ಇನ್ನೊಂದು ಅಂಗಡಿಗೆ ಹೋಗಿಬಿಡುತ್ತಿದ್ದರು. ಹೀಗೆ ಕೈತಪ್ಪಿದ ರವಿಕೆಗಳನ್ನು ನೆನೆದು ನಾನು ಊಟ ಬಿಟ್ಟದ್ದುಂಟು. ತಿಂಡಿ ಬಿಟ್ಟಿಲ್ಲ.

ಅದೇ ಹೊತ್ತಿಗೆ ಊರಿನಲ್ಲಿ ಮಹಿಳೆಯರ ಪತ್ತಿನ ಸಂಘವೊಂದು ಶುರುವಾಯಿತು. ಅದರ ಕಾರ್ಯದರ್ಶಿ ಸುಮಿತ್ರಾಬಾಯಿ ನನ್ನ ಗಿರಾಕಿ. ಅಳತೆ ಕೊಡಲು ಬಂದವರು ಕೈ ಎತ್ತಿ ನಿಂತುಕೊಂಡೇ ಉಪದೇಶ ಮಾಡಿದರು:

“ಗಿರಿಜವ್ವಾ, ಪತ್ತ ಅಂದ್ರ ಏನಂತ ತಿಳದಿ? ಪತ್ತ ಅಂದ್ರ ಹೆಸರು. ಒಮ್ಮೆ ಸಣ್ಣ ಸಾಲಾ ತೊಗೊಂಡು ನೆಟ್ಟಗ ತೀರಿಸು. ಮುಂದ ನಿನ್ನ ಹೆಸರ ಹೇಳಿದ್ರ ಸಾಕು, ಬಜಾರ ಎದ್ದು ನಿಂದರ್ತೈತಿ.”

ಆ ಮಾತು ನನಗೆ ಬಹಳ ಹಿಡಿಸಿತು. ಅಲ್ಲಿಯವರೆಗೆ ಭೂಮಂಡಲದಲ್ಲಿ ನನ್ನ ಹೆಸರು ಇದ್ದದ್ದು ರೇಷನ್ ಕಾರ್ಡಿನ ಎರಡನೆಯ ಸಾಲಿನಲ್ಲಿ ಮಾತ್ರ.

ನನ್ನ ಗಂಡ ಈರಣ್ಣ ಕಟ್ಟಿಗೆ ಅಡ್ಡೆಯಲ್ಲಿ ಬಡಿಗ. ಮಾತು ಕಡಿಮೆ, ಆದರೆ ಆಡಿದ ಮಾತು ಮೊಳೆ ಹೊಡೆದ ಹಾಗೆ. ಅರ್ಜಿ ಓದಿ ಕೇಳಿದರು:

“ಎಲ್ಲೂ ಬಾಕಿ ಇಲ್ಲ ಅಂತ ಬರದಿ. ದಾಂಡೇಲಿ ದವಾಖಾನಿದು?”

“ಅದು ಮುಗದ ಮಾತ್ರೀ.”

“ಹೆಂಗ ಮುಗೀತು? ನಾ ಅಂತೂ ಕಟ್ಟಿಲ್ಲ.”

“ಅವರ ಕೇಳೂದು ಬಿಟ್ಟಾರ. ಕೇಳೂದು ಬಿಟ್ರ ಮುಗದಂಗ ಅಲ್ಲೇನು?”

ಅವರು ಯಾಕೆ ಕೇಳುವುದನ್ನು ಬಿಟ್ಟರು ಎಂಬುದನ್ನು ನಾನು ಗಂಡನಿಗೆ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ. ನೀವೇನೂ ದಿನಾ ಸಂಜೆ ನನ್ನೆದುರು ಊಟಕ್ಕೆ ಕೂರುವವರಲ್ಲವಲ್ಲ!

ಅದಕ್ಕೂ ನಾಲ್ಕು ವರ್ಷ ಹಿಂದೆ ದಾಂಡೇಲಿಯ ಒಂದು ಖಾಸಗಿ ದವಾಖಾನೆಯಲ್ಲಿ ನನ್ನ ಅಪೆಂಡಿಕ್ಸ್ ತೆಗೆದಿದ್ದರು. ಬಿಲ್ಲಿನ ಅರ್ಧ ಕಟ್ಟಿ, ಉಳಿದ ಒಂಬೈನೂರು ರೂಪಾಯಿಯನ್ನು ಮುಂದಿನ ವಾರ ಕೊಡುತ್ತೇವೆಂದು ಹೇಳಿ ಮನೆಗೆ ಬಂದೆವು. ಆಮೇಲೆ ಮಳೆಗಾಲ ಬಂತು, ಮಕ್ಕಳ ಶಾಲೆ ಬಂತು, ಹಂಚು ಬದಲಿಸುವ ಖರ್ಚು ಬಂತು. ಮುಂದಿನ ವಾರ ಮಾತ್ರ ಬರಲಿಲ್ಲ. ತಡವಾದಷ್ಟೂ ಬಾಕಿಗಿಂತ ನಾಚಿಕೆ ದೊಡ್ಡದಾಯಿತು. ಅಂಬೇವಾಡಿಯಲ್ಲಿದ್ದ ನಾದಿನಿಯ ಮನೆಗೆ ಹೋಗುವಾಗ, ಬಸ್ಸು ಆ ದವಾಖಾನೆಯನ್ನು ದಾಟುವ ತನಕ ನಾನು ಚಪ್ಪಲಿ ಹುಡುಕುವವಳಂತೆ ಸೀಟಿನ ಕೆಳಗೆ ಬಗ್ಗಿರುತ್ತಿದ್ದೆ. ಒಮ್ಮೆ ಕಂಡಕ್ಟರನೂ ಬಗ್ಗಿ ಹುಡುಕಿಕೊಟ್ಟ. ಎರಡೂ ಚಪ್ಪಲಿ ಕಾಲಲ್ಲೇ ಇದ್ದವು!

ಹೀಗೆ ಒಂದು ವರ್ಷ ಕಳೆದ ಮೇಲೆ, ಒಂದು ಮಧ್ಯಾಹ್ನ ಸೈಕಲ್ ಏರಿ ವಿಠೋಬಾ ಬಂದರು. ಜೋಯಿಡಾ ಕಡೆಯ ಸಣ್ಣ ಮೈಕಟ್ಟಿನ ಆಳು. ಊರೂರು ತಿರುಗಿ ಹಳೆಯ ಬಾಕಿ ವಸೂಲಿ ಮಾಡಿಕೊಟ್ಟು ಕಮಿಷನ್ ಪಡೆಯುವುದು ಅವರ ಉದ್ಯೋಗ. ವಸೂಲಿಯವರೆಂದರೆ ದಪ್ಪ ಮೀಸೆ, ದೊಡ್ಡ ದನಿ ಇರುತ್ತದೆಂದು ನಾನು ತಿಳಿದಿದ್ದೆ. ಇವರು ಹೊರಗೇ ಚಪ್ಪಲಿ ಬಿಟ್ಟು, ಕೆಮ್ಮಿ, ಮೆಲ್ಲಗೆ ಕೇಳಿದರು:

“ಗಿರಿಜವ್ವ ಅಂಬೋರು ಇದ್ದಾರೇನ್ರಿ ಬಾಯಿ? ದಾಂಡೇಲಿ ದವಾಖಾನಿಂದ ಬಂದೇನಿ.”

“ಇಲ್ರೀ. ಅಕಿ ಹೋದ್ಲು” ಎಂದೆ.

ಮುಂಡಗೋಡಿಗೆ, ತವರುಮನೆಗೆ ಹೋದಳು ಎಂದು ನಾನು ಹೇಳಬೇಕೆಂದಿದ್ದೆ. ಆದರೆ ಸುಳ್ಳು ಹೇಳಿ ರೂಢಿಯಿಲ್ಲದ ಬಾಯಿಂದ ‘ಹೋದ್ಲು’ ಅಷ್ಟೇ ಹೊರಬಂದು, ಮುಂಡಗೋಡ ಒಳಗೇ ಉಳಿಯಿತು. ವಿಠೋಬಾ ತಲೆಯ ಮೇಲಿನ ಟೊಪ್ಪಿಗೆ ತೆಗೆದರು.

“ಅರೆರೇ! ಯಾವಾಗ್ರಿ?”

“ನಿನ್ನೆ ಮುಂಜಾನೆ.”

“ಭಾಳ ತ್ರಾಸ ಆತೇನ್ರಿ?”

ನನ್ನ ತಲೆಯಲ್ಲಿ ಇನ್ನೂ ಮುಂಡಗೋಡದ ಬಸ್ಸೇ ಓಡುತ್ತಿತ್ತು. “ಇಲ್ರೀ, ಕೂಡಾಕ ಜಾಗಾ ಸಿಕ್ಕಿತ್ತು” ಎಂದೆ.

“ಕೂತಲ್ಲೇ ಹೋದ್ರಾ? ಪುಣ್ಯವಂತರು!” ಎಂದು ಕಣ್ಣು ಮುಚ್ಚಿದರು. “ಮಕ್ಕಳು?”

“ಎರಡು. ಇಲ್ಲೇ ಬಿಟ್ಟ ಹೋಗ್ಯಾಳ. ನಾನ ನೋಡಕೋತೇನಿ. ನಾ ಅಕಿ ತಂಗಿ.”

“ದೇವರು ಅವರ ಆತ್ಮಕ್ಕ ಶಾಂತಿ ಕೊಡ್ಲಿ ಬಾಯಿ.”

ಆಗ ನನಗೆ ಅರ್ಥವಾಯಿತು. ತಿದ್ದಬಹುದಿತ್ತು. ‘ಅಯ್ಯ, ಹಂಗಲ್ರೀ’ ಎಂಬ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅಷ್ಟರಲ್ಲಿ ಅವರು ನನ್ನ ಬಿಲ್ಲಿನ ಮೇಲೆ ಏನೋ ಬರೆದು, ಮಡಿಸಿ, ಚೀಲದ ತಳಕ್ಕೆ ಹಾಕುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡೆ. ಹೀಗೆ ಹಾಡುಹಗಲು, ಸ್ವಂತ ಮನೆಯ ಹೊಸ್ತಿಲಲ್ಲಿ, ಒಂಬೈನೂರು ರೂಪಾಯಿಗೆ ನಾನು ಸತ್ತೆ!

ಈಗ ಮತ್ತೆ ಸಾಲದ ಅರ್ಜಿಗೆ ಬರೋಣ. ಅರ್ಜಿ ಕೊಟ್ಟ ಎಂಟು ದಿನಕ್ಕೆ ಸುಮಿತ್ರಾಬಾಯಿ, ಮನೆ ಮತ್ತು ಅಂಗಡಿ ನೋಡಿ ವರದಿ ಬರೆಯಲು ಸಂಘದ ಕಡೆಯಿಂದ ಒಬ್ಬರು ಬರುತ್ತಾರೆಂದು ಹೇಳಿ ಕಳಿಸಿದರು. ಭಾನುವಾರ. ಗಂಡ ಮನೆಯಲ್ಲಿದ್ದರು. ನಾನು ಅಂಗಳ ಸಾರಿಸಿ, ಮಷೀನಿಗೆ ಎಣ್ಣೆ ಬಿಟ್ಟು, ಉಪ್ಪಿಟ್ಟು ಮಾಡಿ ಕಾಯುತ್ತಿದ್ದೆ. ಸೈಕಲ್ಲಿನ ಗಂಟೆ ಕೇಳಿಸಿತು. ಹೊರಗೆ ಬಂದರೆ, ಅದೇ ಟೊಪ್ಪಿಗೆ! ಸಂಘವೂ ತನಿಖೆಗೆ ವಿಠೋಬಾ ಅವರನ್ನೇ ಗೊತ್ತುಮಾಡಿತ್ತು.

“ನಮಸ್ಕಾರ ಬಾಯಿ. ಅಕ್ಕನ ಮಕ್ಕಳು ಆರಾಮ ಅದಾವಲ್ಲ?” ಎಂದು ಬಹಳ ಅಕ್ಕರೆಯಿಂದ ಕೇಳಿ, ಕುಳಿತು, ಅರ್ಜಿ ತೆಗೆದರು. ಅರ್ಜಿಯ ಮೇಲಿನ ಹೆಸರು ನೋಡಿದರು. ಫೋಟೋ ನೋಡಿದರು. ನನ್ನನ್ನು ನೋಡಿದರು. ಉಪ್ಪಿಟ್ಟಿನ ತಟ್ಟೆಯನ್ನು ದೂರ ಸರಿಸಿದರು.

“ಬಾಯಿ, ಇದು ಬರೋಬರಿ ಅಲ್ಲ. ಸತ್ತವರ ಹೆಸರಿನ್ಯಾಗ ಸಾಲಾ ತೆಗಿಯೂದು!”

ಒಳಗಿನಿಂದ ಗಂಡ ಬಂದರು. “ಯಾರು ಸತ್ರು?”

“ಇವರ ಅಕ್ಕಾರು. ಗಿರಿಜವ್ವ.”

“ಗಿರಿಜವ್ವ ನನ್ನ ಹೆಣ್ತಿರೀ.”

“ಗೊತ್ತೈತ್ರಿ, ಪಾಪ. ಮತ್ತ ಇವರು?”

“ಇಕೀನೂ ನನ್ನ ಹೆಣ್ತಿ.”

ವಿಠೋಬಾ ನಿಧಾನವಾಗಿ ತಲೆಯಾಡಿಸಿದರು. “ಚಲೋ ಮಾಡಿದ್ರಿ. ಮಕ್ಕಳಿಗೆ ತಾಯಿ ಬೇಕಲ್ಲ. ಆದ್ರ ಸಾಲಕ್ಕ ಹೊಸಾ ಹೆಣ್ತಿ ಹೆಸರ ಬರೀರಿ. ಹಳೇ ಹೆಣ್ತಿದು ಬ್ಯಾಡ.”

ಗಂಡ ನನ್ನ ಕಡೆ ತಿರುಗಿದರು. “ನಿನಗ ಅಕ್ಕ ಎಲ್ಲಿ ಅದಾಳ?”

“ಇಲ್ರೀ.”

“ಮತ್ತ ಸತ್ತಾಕಿ ಯಾರು?”

“ನಾನ…” ಎಂದೆ.

ಎಲ್ಲವನ್ನೂ ಹೇಳಿದೆ. ಗಂಡ ಬಾಗಿಲಿಗೆ ಒರಗಿಕೊಂಡು, “ಮೂರ ವರ್ಷ ದೆವ್ವದ ಕೈಯಾಗ ರೊಟ್ಟಿ ತಿಂದೀನಲ್ಲೋ ಶಿವನ!” ಎಂದರು. ಆದರೆ ವಿಠೋಬಾ ನಗಲಿಲ್ಲ. ಟೊಪ್ಪಿಗೆಯನ್ನು ಮೊಣಕಾಲಿನ ಮೇಲಿಟ್ಟು ಅದನ್ನೇ ನೋಡುತ್ತ ಕುಳಿತರು.

“ಅವತ್ತ ನಾ ಮನಿಗೆ ಹೋಗಿ ನಿಮ್ಮ ಹೆಸರಲೇ ದೀಪಾ ಹಚ್ಚಿದ್ನಿ ಬಾಯಿ. ನಿಮ್ಮ ಆಪರೇಶನ್ ಮಾಡಿದ ಡಾಕ್ಟರ್ ಬಾಯಿಗೂ ಹೇಳಿದ್ನಿ. ಅವರಂತೂ ಭಾಳ ನೊಂದ್ಕೊಂಡ್ರು.” ಎದ್ದು ನಿಂತರು. “ನನಗ ಸುಳ್ಳ ವರದಿ ಬರಿಯಾಕ ಬರೂದಿಲ್ಲ. ದವಾಖಾನಿಗೆ ಹೋಗಿ ಬದುಕಿದ್ದೇನಿ ಅಂತ ಬರಿಸ್ಕೊಂಡ ಬರ್ರಿ.”

ಉಪ್ಪಿಟ್ಟು ತಿನ್ನದೆಯೇ ಹೋದರು. ಅದು ನನಗೆ ಬಹಳ ನಾಟಿತು.

ಮರುದಿನ ರೇಷನ್ ಕಾರ್ಡು, ಇನ್ನೂರು ರೂಪಾಯಿ ಹಿಡಿದು ದಾಂಡೇಲಿಗೆ ಹೋದೆ. ಕೌಂಟರಿನ ಗುಮಾಸ್ತ ಹಳೆಯ ರಜಿಸ್ಟರ್ ತೆಗೆದು, ಬೆರಳು ಓಡಿಸಿ, ಒಂದು ಕೆಂಪು ಗೆರೆಯ ಮೇಲೆ ನಿಲ್ಲಿಸಿದ.

“ಈ ಪೇಶಂಟ್ ತೀರ್‍ಕೊಂಡಾರ್ರೀ. ಖಾತೆ ಮುಚ್ಚೇತಿ. ಕೊಡೂದೇನಿಲ್ಲ.”

“ಆ ಪೇಶಂಟ್ ನಾನ ರೀ.”

“ಹಂಗಂದ್ರ ಹೆಂಗ? ಇಲ್ಲಿ ಬರದೈತಲ್ಲ!”

ಸುಳ್ಳೇಕೆ ಹೇಳಲಿ, ಆ ಕ್ಷಣ ನನ್ನ ಮನಸ್ಸು ಚಂಚಲವಾಯಿತು. ಸತ್ತವಳಾಗಿಯೇ ಉಳಿದರೆ ಒಂಬೈನೂರು ಉಳಿಯುತ್ತಿತ್ತು. ಆದರೆ ಸತ್ತವರಿಗೆ ಪೀಕೋ ಮಷೀನು ಕೊಡಿಸುವ ಸಂಘ ಇನ್ನೂ ಹುಟ್ಟಿಲ್ಲ. “ಇಲ್ರೀ, ನಾ ಬದುಕೇನಿ! ಬಾಕಿ ಐತಿ! ತೊಗೊಳ್ರೀ!” ಎಂದು ಕೂಗಿಬಿಟ್ಟೆ. ಬಾಕಿ ತೆಗೆದುಕೊಳ್ಳಿರೆಂದು ಜಗಳವಾಡುವ ಹೆಂಗಸನ್ನು ನೋಡಲು ಬೆಂಚಿನ ಮೇಲಿದ್ದ ರೋಗಿಗಳೆಲ್ಲ ಎದ್ದು ನಿಂತರು. ಕಾಲು ಮುರಿದವನೂ ಎದ್ದ!

ಗದ್ದಲ ಕೇಳಿ ಡಾಕ್ಟರ್ ಬಾಯಿ ಹೊರಗೆ ಬಂದರು. ಕೂದಲು ಇನ್ನಷ್ಟು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಒಳಗೆ ಕರೆದೊಯ್ದು ಪರದೆ ಎಳೆದು, ಹೊಟ್ಟೆಯ ಮೇಲಿನ ಗಾಯದ ಗುರುತು ನೋಡಿದರು.

“ನನ್ನ ಹೊಲಿಗೀನ” ಎಂದರು. “ಮನಿಗೆ ಹೋಗೂ ದಿವಸ, ಟಾಕಿ ಸೊಟ್ಟ ಬಿದ್ದಾವ್ರೀ, ನಾನಾಗಿದ್ರ ಬಿಚ್ಚಿ ಹಾಕತಿದ್ನಿ ಅಂದಾಕಿ ನೀನ ಅಲ್ಲ?”

ಹೌದು, ಅಂದಿದ್ದೆ. ಅರ್ಧ ಬಿಲ್ಲು ಬಾಕಿ ಇಟ್ಟುಕೊಂಡೇ ಅಂದಿದ್ದೆ!

ಡಾಕ್ಟರ್ ಬಾಯಿ ಕುರ್ಚಿಯಲ್ಲಿ ಕುಳಿತರು. “ನೀ ಹೋದಿ ಅಂತ ಕೇಳಿದ ಮ್ಯಾಲ ನಿನ್ನ ಕಾಗದಾ ತೆಗದು ನಾಕ ಸಲ ಓದೀನಿ. ನಾ ಎಲ್ಲಿ ತಪ್ಪಿದೆ ಅಂತ. ಒಂದೆರಡ ತಿಂಗಳ, ಯಾರಿಗರೆ ಆಪರೇಶನ್ ಅಂದ್ರ ಕೈ ಹಿಂದ ಸರೀತಿತ್ತು.”

ಇಲ್ಲಿ ನನಗೆ ನಗೆಮಾತು ಯಾವುದೂ ಹೊಳೆಯುವುದಿಲ್ಲ. ಅವತ್ತೂ ಹೊಳೆಯಲಿಲ್ಲ. ಒಂಬೈನೂರು ರೂಪಾಯಿಯ ನಾಚಿಕೆಯನ್ನು ನಾನು ಹೊಸ್ತಿಲಿನಿಂದ ಆಚೆ ತಳ್ಳಿದ್ದೆ. ಅದು ಸೈಕಲ್ ಏರಿ ಬಂದು ಈ ಹೆಂಗಸಿನ ಕೈಯಲ್ಲಿ ಕುಳಿತಿತ್ತು.

“ತಪ್ಪಾತ್ರೀ ಬಾಯಾರ” ಎಂದು ಅತ್ತೆ.

“ರೊಕ್ಕ ಇಲ್ಲ ಅಂದಿದ್ರ ಸಾಕಾಗಿತ್ತಲ್ಲ?”

“ಹಂಗ ಹೇಳಾಕ ನಾಚಿಕಿ ಬಂತ್ರಿ.”

“ಸಾಯಾಕ ನಾಚಿಕಿ ಬರಲಿಲ್ಲ?”

ಹಾಗೆ ಅಂದವರೇ ತಾವೇ ಮೊದಲು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಗುಮಾಸ್ತನನ್ನು ಕರೆದು ಹಳೆಯ ಬಿಲ್ಲು ತರಿಸಿದರು. ಓದುತ್ತ ಓದುತ್ತ ಹುಬ್ಬು ಗಂಟಿಕ್ಕಿದರು. ಆರು ದಿನ ಇದ್ದವಳಿಗೆ ಎಂಟು ದಿನದ ಕೋಣೆ ಬಾಡಿಗೆ ಹಾಕಿದ್ದರು! ಇನ್ನೂರು ರೂಪಾಯಿ ಅಲ್ಲೇ ಕಡಿಮೆಯಾಯಿತು. ಆ ಬಿಲ್ಲಿಗೆ ಹೆದರಿ ವರ್ಷಗಟ್ಟಲೆ ತಲೆಮರೆಸಿಕೊಂಡಿದ್ದ ನಾನು ಅದನ್ನು ಒಂದು ಸಲವೂ ಓದಿರಲಿಲ್ಲ.

ಇನ್ನೂರು ಅಲ್ಲೇ ಕಟ್ಟಿದೆ. ಉಳಿದದ್ದನ್ನು ತಿಂಗಳಿಗೆ ನೂರರಂತೆ ಕೊಡುವುದು, ಪ್ರತಿ ಸಲ ರಸೀತಿ ಪಡೆಯುವುದು ಎಂದು ಮಾತಾಯಿತು. ದವಾಖಾನೆಯ ಮುದ್ರೆ ಒತ್ತಿದ ಒಂದು ಪತ್ರವನ್ನೂ ಕೊಟ್ಟರು. ಅದರ ಒಕ್ಕಣೆ ನನಗೆ ಇನ್ನೂ ಬಾಯಿಪಾಠವಿದೆ: ‘ಸದರಿ ರೋಗಿಯು ಜೀವಂತವಿದ್ದು, ತಮ್ಮ ಹಳೆಯ ಬಾಕಿಯನ್ನು ಸ್ವಇಚ್ಛೆಯಿಂದ ತೀರಿಸುತ್ತಿದ್ದಾರೆಂದು ಈ ಮೂಲಕ ದೃಢೀಕರಿಸಲಾಗಿದೆ.’ ನನ್ನ ಮದುವೆಯ ಲಗ್ನಪತ್ರಿಕೆಯೂ ಇಷ್ಟು ಗಂಭೀರವಾಗಿರಲಿಲ್ಲ.

ಸಂಘದ ಸಭೆಯಲ್ಲಿ ಸುಮಿತ್ರಾಬಾಯಿ ಆ ಪತ್ರವನ್ನು ಗಟ್ಟಿಯಾಗಿ ಓದಿದರು. ಒಬ್ಬಾಕೆ ನಗು ತಡೆಯಲಾರದೆ ಚಹಾ ಚೆಲ್ಲಿದಳು. ನಗು ಮುಗಿದ ಮೇಲೆ ಸುಮಿತ್ರಾಬಾಯಿ ನನ್ನ ‘ಇಲ್ಲ’ವನ್ನೂ ಅದರ ಎರಡು ಗೆರೆಯನ್ನೂ ಹೊಡೆದುಹಾಕಿ, “ಮೊದಲ ದವಾಖಾನಿ ಕಂತು ಮುಗಸು, ಆಮ್ಯಾಲ ನೋಡೂಣು” ಎಂದರು.

ಐದು ತಿಂಗಳು, ತಿಂಗಳ ಮೊದಲ ಸೋಮವಾರ ದಾಂಡೇಲಿಗೆ ಹೋಗಿ ನೂರು ರೂಪಾಯಿ ಕಟ್ಟಿ ಬಂದೆ. ಬಸ್ಸಿನಲ್ಲಿ ನೆಟ್ಟಗೆ ಕುಳಿತು, ಕಿಟಕಿಯ ಹೊರಗೆ ನೋಡುತ್ತ ಹೋಗುತ್ತಿದ್ದೆ. ಆ ರಸ್ತೆಯ ಬದಿಯಲ್ಲಿ ಅಷ್ಟೊಂದು ಸಾಗವಾನಿ ಮರಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ಐದನೆಯ ರಸೀತಿಯನ್ನು ತಂದು ಗಂಡನ ಕೈಗಿಟ್ಟಾಗ ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಈಗ ನೀ ಖರೇ ಬದುಕಿದಿ ನೋಡು” ಎಂದರು.

ಇನ್ನು ಒಂದೇ ತೊಡಕು: ಜಾಮೀನು. ಕತೆ ಇಡೀ ಊರಿಗೆ ಹಬ್ಬಿತ್ತಲ್ಲ, ನೆರೆಹೊರೆಯವರು ಯಾರೂ ಸಹಿ ಹಾಕಲು ಒಪ್ಪಲಿಲ್ಲ. “ನಾಳೆ ಮತ್ತ ಸತ್ರ ನಾವೇನ್ ಮಾಡೂಣ್ರಿ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಸಂಘದ ಕಚೇರಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದಾಗ ವಿಠೋಬಾ ಒಳಗೆ ಬಂದರು. ವಿಷಯ ಕೇಳಿದರು. ಜೇಬಿನಿಂದ ಪೆನ್ನು ತೆಗೆದು ಸುಮಿತ್ರಾಬಾಯಿಯತ್ತ ತಿರುಗಿದರು.

“ನಾ ಹಾಕ್ತೇನಿ ಸಹಿ. ಇಪ್ಪತ್ತ ವರ್ಷ ವಸೂಲಿ ಮಾಡೇನಿ ಬಾಯಾರ. ಬದುಕಿದ್ದವರೇ ರೊಕ್ಕಾ ಕೊಡವಲ್ರು. ಸತ್ತು, ಹೊಳ್ಳಿ ಬಂದು, ಕಂತ ಕಟ್ಟಿದಾಕಿ ಇವರೊಬ್ಬರನ್ನ ನೋಡೇನಿ.”

ಅವತ್ತು ಅವರನ್ನು ಮನೆಗೆ ಕರೆದೆ. ಎರಡು ತಟ್ಟೆ ಉಪ್ಪಿಟ್ಟು ತಿಂದರು.

ಮಷೀನು ಬಂತು! ಕರೆಂಟಿನದು. ನನ್ನ ಹಳೆಯದು ಕಾಲಿನಿಂದ ತುಳಿಯುವುದು, ದಣಿದರೆ ತಾನೇ ನಿಲ್ಲುತ್ತಿತ್ತು. ಇದು ಹಾಗಲ್ಲ, ಕಾಲು ತೆಗೆಯುವ ತನಕ ಓಡುತ್ತದೆ. ಮೊದಲ ದಿನವೇ ಸುಮಿತ್ರಾಬಾಯಿ, ಸಾಲದ ಹಣ ಸರಿಯಾಗಿ ಬಳಕೆಯಾಗಿದೆಯೇ ಎಂದು ನೋಡಲು ಬಂದರು. ಬರುವಾಗ ಬೋಣಿಗೆಂದು ತಮ್ಮ ಹೊಸ ರೇಷ್ಮೆ ಸೀರೆಯನ್ನೇ ತಂದಿದ್ದರು. ನನಗೆ ಹೆಮ್ಮೆ ಉಕ್ಕಿ ಬಂತು. ಮಷೀನು ಓಡಿಸುತ್ತಲೇ ಅವರ ಕಡೆ ತಿರುಗಿ, ಪತ್ತು ಎಂದರೇನು, ಮನುಷ್ಯ ಹೆಸರು ಉಳಿಸಿಕೊಳ್ಳುವುದು ಹೇಗೆ ಎಂಬ ವಿಷಯವಾಗಿ ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಸಂಘದ ಕಾರ್ಯದರ್ಶಿಗೇ!

ಭಾಷಣ ಮುಗಿಸಿ, ಸೀರೆಯನ್ನು ಗೌರವದಿಂದ ಎರಡೂ ಕೈಯಲ್ಲಿ ಕೊಡಲು ಎದ್ದೆ. ಸೀರೆಯ ಜೊತೆ ನನ್ನ ಸೆರಗೂ ಹೊರಟಿತು. ಒಂದೂವರೆ ಮೊಳದುದ್ದಕ್ಕೂ ಅವರ ರೇಷ್ಮೆಯನ್ನು ನನ್ನ ನೂಲಿನ ಸೀರೆಗೆ ಭದ್ರವಾಗಿ ಸೇರಿಸಿ ಪೀಕೋ ಮಾಡಿದ್ದೆ!

ಗಂಡ ಒಳಗಿನಿಂದ ಬಂದು ಇಬ್ಬರನ್ನೂ ನೋಡಿದರು. “ಸಂಘಕ್ಕೂ ನಿನಗೂ ಸಂಬಂಧ ಗಟ್ಟಿ ಆತು ಬಿಡು” ಎಂದು ಹೇಳಿ ಅಡ್ಡೆಗೆ ಹೊರಟುಹೋದರು.

ಆ ಮಧ್ಯಾಹ್ನ ಪೂರ್ತಿ ಸಾಲ ಕೊಟ್ಟವರೂ ತೆಗೆದುಕೊಂಡವಳೂ ಎದುರುಬದುರು ಕುಳಿತು, ಒಂದೊಂದು ಸೂಜಿ ಹಿಡಿದು ದಾರ ಬಿಚ್ಚಿದೆವು. ಹೊಸ ಮಷೀನಿನ ಮೊದಲ ದಿನದ ಒಟ್ಟು ಗಳಿಕೆ ಒಂದು ಲೋಟ ಚಹಾ. ಅದನ್ನೂ ಸುಮಿತ್ರಾಬಾಯಿಯೇ ಮಾಡಿಕೊಟ್ಟರು. ನಾನು ಏಳುವ ಹಾಗಿರಲಿಲ್ಲ, ಎದ್ದರೆ ನನ್ನ ಸೆರಗಿನ ಜೊತೆ ಅವರ ರೇಷ್ಮೆಯೂ ಏಳುತ್ತಿತ್ತು.